ಕಣದ ಅಳತೆ ಹೇಳಿದರೆ ಸಾಲದು, ಅದು ತೊಟ್ಟ ಅಂಗಿಯನ್ನೂ ಹೇಳಬೇಕು

ದೀಪಾವಳಿ ಬೋನಸ್ ಕೈಗೆ ಬಂದ ಮಾರನೇ ದಿನ ತಿರುಪ್ಪೂರು, ಅವಿನಾಶಿ ಕಡೆಯ ಬನಿಯನ್ ಕಂಪನಿಗಳಿಂದ ಊರಿಗೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ತಾಳವಾಡಿ ಬೆಟ್ಟದ ಹುಡುಗರೂ ಆ ಬಸ್ಸಿನಲ್ಲೇ ಬರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಬಂದವನು ಮನೆಗೂ ಬಂದ. ಕೈಯಲ್ಲಿ ನನಗೊಂದು ಟೀ ಶರ್ಟು. ಅದರ ಚೀಟಿಯಲ್ಲಿ ‘ನ್ಯಾನೊ ಸಿಲ್ವರ್, ಬೆವರಿನ ವಾಸನೆ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಮಾತು. ಕಾಫಿ ಕುಡಿಯುತ್ತಾ ಕೇಳಿದ:

“ಸಾರ್, ಈ ಬೆಳ್ಳಿ ಬೆವರಿನ ಜತೆ ಮೈಯೊಳಕ್ಕೆ ಹೋಗುತ್ತಾ? ನಾನು ದಿನಾ ಇದನ್ನೇ ಕೈಲಿ ಹಿಡೀತೀನಿ.”

ನಾನು ಅಭ್ಯಾಸಬಲದಿಂದ, “ನ್ಯಾನೊ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ...” ಅಂತ ಶುರು ಮಾಡಿದೆ. ಅವನು ನಕ್ಕ. “ಅದನ್ನ ಕ್ಲಾಸಲ್ಲೇ ಹೇಳಿದ್ರಲ್ಲ ಸಾರ್. ಒಳಗೆ ಹೋಗುತ್ತಾ ಅಂತ ಕೇಳಿದ್ದು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಾವು ಶಿಕ್ಷಕರು ನ್ಯಾನೊ ಕಣವನ್ನು ಅರ್ಧ ಮಾತ್ರ ಪಾಠ ಮಾಡುತ್ತಿದ್ದೇವೆ. ಅದು ಎಷ್ಟು ಚಿಕ್ಕದು ಅಂತ ಹೇಳುತ್ತೇವೆ, ಕೂದಲನ್ನು ಉದ್ದುದ್ದ ಸೀಳಿದ ಉದಾಹರಣೆ ಕೊಡುತ್ತೇವೆ, ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಅಲ್ಲಿಗೆ ಗಂಟೆ ಹೊಡೆಯುತ್ತದೆ. ಆ ಕಣ ಬೆವರು, ಜೊಲ್ಲು, ಕಣ್ಣೀರು, ರಕ್ತ ಇವುಗಳೊಳಗೆ ಹೋದ ಕ್ಷಣ ಏನಾಗುತ್ತದೆ ಎಂಬ ಇನ್ನರ್ಧವನ್ನು ಹೇಳುವುದೇ ಇಲ್ಲ. ನಮ್ಮ ಮಕ್ಕಳ ಬದುಕಿಗೆ ತಾಗುವುದು ಆ ಇನ್ನರ್ಧವೇ.

ಮೈಯೊಳಗೆ ಬರಿಮೈ ಕಣ ಇಲ್ಲ

ಮೊದಲು ವಿಷಯ. ಒಂದು ಸೆಂಟಿಮೀಟರ್ ಅಂಚಿನ ಘನವನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಅಂಚಿನ ಘನಗಳಾಗಿ ಕತ್ತರಿಸುತ್ತಾ ಹೋದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 15 ಸೆಂಟ್ ಜಾಗ, ಮೈಸೂರು ಕಡೆಯವರ ಲೆಕ್ಕದಲ್ಲಿ ಸುಮಾರು 6 ಗುಂಟೆ. ಮಕ್ಕಳಿಂದ ಇದನ್ನು ಬೋರ್ಡಿನ ಮೇಲೆ ಮಾಡಿಸಿ, ಹತ್ತರ ಘಾತದ ಲೆಕ್ಕವೂ ಆಗುತ್ತದೆ. ಹಿಡಿಯಲ್ಲಿ ಹಿಡಿಯುವಷ್ಟು ವಸ್ತುವಿಗೆ ಹೊಲದಷ್ಟು ಮೇಲ್ಮೈ. ಅಷ್ಟು ಮೇಲ್ಮೈ ಖಾಲಿ ಇರುತ್ತದೆಯೇ? ಸುತ್ತ ಏನಿದೆಯೋ ಅದು ಬಂದು ಅಂಟುತ್ತದೆ.

ರಕ್ತದ ಪ್ಲಾಸ್ಮಾದಲ್ಲಿ ಅಂಟಲು ಏನು ಕಡಿಮೆ? ಲೀಟರಿಗೆ 35ರಿಂದ 50 ಗ್ರಾಂ ಆಲ್ಬುಮಿನ್ ಒಂದೇ ಇದೆ. ಅದರ ಜತೆ ಪ್ರತಿಕಾಯಗಳು, ಫೈಬ್ರಿನೋಜನ್, ಕೊಬ್ಬನ್ನು ಹೊತ್ತು ತಿರುಗುವ ಲೈಪೊಪ್ರೋಟೀನುಗಳು, ಹೀಗೆ ಸಾವಿರಕ್ಕೂ ಮಿಕ್ಕ ಬಗೆ. 50 ನ್ಯಾನೊಮೀಟರಿನ ಕಣವನ್ನು ಸುಲಿದ ತೆಂಗಿನಕಾಯಿ ಅಂದುಕೊಂಡರೆ ಒಂದು ಆಲ್ಬುಮಿನ್ ಅಣು ಸುಲಿದ ಅಡಿಕೆಯಷ್ಟಿರುತ್ತದೆ. ಕಣ ರಕ್ತಕ್ಕೆ ಬಿದ್ದ ಕೆಲವೇ ಕ್ಷಣಗಳಲ್ಲಿ ಈ ಅಡಿಕೆಗಳೆಲ್ಲ ತೆಂಗಿನಕಾಯಿಯ ಮೈತುಂಬ ಕೂತುಬಿಡುತ್ತವೆ. ಆಮೇಲೆ ಜೀವಕೋಶದ ಕಣ್ಣಿಗೆ ಬೀಳುವುದು ತೆಂಗಿನಕಾಯಿ ಅಲ್ಲ, ಅಡಿಕೆಯ ಹೊದಿಕೆ.

ಮೊದಲು ಬಂದು ಕೂತವರೇ ಕೊನೆವರೆಗೂ ಕೂರುತ್ತಾರೆ ಅಂತಲ್ಲ. ಸಂಖ್ಯೆಯಲ್ಲಿ ಹೆಚ್ಚಿರುವ, ಬೇಗ ಓಡಾಡುವ ಪ್ರೋಟೀನು ಮೊದಲು ಅಂಟುತ್ತದೆ. ನಿಧಾನಕ್ಕೆ, ಕಡಿಮೆ ಸಂಖ್ಯೆಯಲ್ಲಿದ್ದರೂ ಗಟ್ಟಿಯಾಗಿ ಹಿಡಿಯಬಲ್ಲದ್ದು ಬಂದು ಅದನ್ನು ಎಬ್ಬಿಸಿ ಕೂರುತ್ತದೆ. ಬಸ್ಸಿನಲ್ಲಿ ಮೊದಲು ಹತ್ತಿದವನು ಸೀಟು ಹಿಡಿದರೂ, ರಿಸರ್ವೇಶನ್ ಇರುವವನು ಬಂದರೆ ಏಳಲೇಬೇಕಲ್ಲ, ಹಾಗೆ. ಇದನ್ನು ಗಾಜಿನ ಮೇಲ್ಮೈಯಲ್ಲಿ 1962ರಲ್ಲೇ ತೋರಿಸಿದವರು ಲಿಯೋ ವ್ರೋಮನ್. ಅವರು ರಕ್ತದ ವಿಜ್ಞಾನಿ, ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ನ್ಯಾನೊ ಕಣಗಳ ಮೇಲಿನ ಈ ಹೊದಿಕೆಗೆ ‘ಪ್ರೋಟೀನ್ ಕೊರೊನಾ’ ಎಂಬ ಹೆಸರು ನೆಲೆಯೂರಿದ್ದು 2007ರಲ್ಲಿ, ಡಬ್ಲಿನ್‌ನ ಕೆನೆತ್ ಡಾಸನ್, ಇಸೋಲ್ಟ್ ಲಿಂಚ್ ಹಾಗೂ ಸ್ವೀಡನ್ನಿನ ಸಾರಾ ಲಿನ್ಸೆ ಮೊದಲಾದವರ ಕೆಲಸದಿಂದ.

ಹೆಸರಿನ ಬಗ್ಗೆ ಒಂದು ಮಾತು. ಕೊರೊನಾ ಅಂದರೆ ಲ್ಯಾಟಿನ್ನಿನಲ್ಲಿ ಕಿರೀಟ. ಆದರೆ 2020 ಕಂಡ ಮಕ್ಕಳ ಮುಂದೆ ಈ ಪದ ಎತ್ತಿದರೆ ಇಡೀ ತರಗತಿ ಮೂಗಿಗೆ ಕೈ ಇಡುತ್ತದೆ. ಬರವಣಿಗೆಯಲ್ಲಿ ‘ಪ್ರೋಟೀನ್ ಹೊದಿಕೆ’ ಅಂತಲೂ ತರಗತಿಯಲ್ಲಿ ‘ಅಂಗಿ’ ಅಂತಲೂ ಹೇಳೋಣ ಎಂಬುದು ನನ್ನ ಸಲಹೆ. ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಮಾತಿನ ದೇವಾಂಗ ನೇಕಾರರ ಮನೆಯ ಮಕ್ಕಳಿಗಾದರೆ ಇನ್ನೂ ಸುಲಭ. ಗಂಜಿ ಹಾಕದ ಹಾಸುನೂಲು ಮಗ್ಗದಲ್ಲಿ ಪಟಪಟ ಹರಿಯುತ್ತದೆ, ಗಂಜಿ ಹಾಕಿದ್ದು ತಡೆಯುತ್ತದೆ. ನೂಲು ಅದೇ, ಮೇಲಿನ ಲೇಪ ಬೇರೆ, ನಡತೆ ಬೇರೆ.

ಇದು ಹೊಸದಲ್ಲ, ನಾವೇ ಬಾಯಿಪಾಠ ಮಾಡಿದ್ದು

“ಇದೆಲ್ಲ ಪಿಎಚ್.ಡಿ. ವಿಷಯ, ಹೈಸ್ಕೂಲಿಗೆ ಯಾಕೆ?” ಎಂದು ಕೇಳುವ ಸಹೋದ್ಯೋಗಿಗಳಿಗೆ ನಾನು ನೆನಪಿಸುವುದು ಬಿಎಸ್ಸಿಯಲ್ಲಿ ನಾವೆಲ್ಲ ಉರು ಹೊಡೆದ ‘ಗೋಲ್ಡ್ ನಂಬರ್’ ಅನ್ನು. 10 ಮಿಲಿಲೀಟರ್ ಚಿನ್ನದ ಕೆಂಪು ಕಲಿಲಕ್ಕೆ 1 ಮಿಲಿಲೀಟರ್ ಶೇ. 10ರ ಉಪ್ಪುನೀರು ಹಾಕಿದಾಗ ಅದು ನೀಲಿಗೆ ತಿರುಗದಂತೆ ತಡೆಯಲು ಬೇಕಾದ ರಕ್ಷಕ ಕಲಿಲದ ಮಿಲಿಗ್ರಾಂ ಪ್ರಮಾಣ. ಪರೀಕ್ಷೆಗೆ ಬರೆದು ಮರೆತೆವು. ಆದರೆ ಅದರ ಅರ್ಥವೇನು? ಬರಿಮೈ ಚಿನ್ನದ ಕಣ ಉಪ್ಪು ಕಂಡರೆ ಗುಂಪುಗೂಡುತ್ತದೆ, ಬಣ್ಣ ಕೆಡುತ್ತದೆ. ಜೆಲಾಟಿನ್ ಎಂಬ ಪ್ರೋಟೀನಿನ ಅಂಗಿ ತೊಡಿಸಿದರೆ ಉಪ್ಪಿಗೆ ಜಗ್ಗುವುದಿಲ್ಲ. ಇದನ್ನು ಅಳತೆಗೆ ತಂದ ಜಿಗ್ಮಾಂಡಿ ಅವರಿಗೆ 1925ರ ರಸಾಯನ ವಿಜ್ಞಾನದ ನೊಬೆಲ್ ಬಂತು.

1912ರಲ್ಲಿ ಕಾರ್ಲ್ ಲಾಂಗೆ ಎಂಬ ಜರ್ಮನ್ ವೈದ್ಯರು ಇದೇ ಚಿನ್ನದ ಕಲಿಲಕ್ಕೆ ರೋಗಿಗಳ ಬೆನ್ನುಹುರಿಯ ದ್ರವ ಬೆರೆಸಿ ನೋಡಿದರು. ಆರೋಗ್ಯವಂತರ ದ್ರವಕ್ಕೆ ಕೆಂಪು ಕೆಂಪಾಗಿಯೇ ಉಳಿಯಿತು. ಮಿದುಳಿಗೆ ಸಿಫಿಲಿಸ್ ಏರಿದವರ ದ್ರವಕ್ಕೆ ಬಣ್ಣ ಬದಲಾಯಿತು, ಯಾಕೆಂದರೆ ಆ ದ್ರವದ ಪ್ರೋಟೀನುಗಳ ಹದವೇ ಬೇರೆಯಾಗಿತ್ತು. ನ್ಯಾನೊ ಎಂಬ ಪದ ಹುಟ್ಟುವ ಮೊದಲೇ ವೈದ್ಯರು ದೇಹದ್ರವ ಮತ್ತು ನ್ಯಾನೊ ಕಣದ ಭೇಟಿಯನ್ನು ರೋಗ ಪತ್ತೆಗೆ ಬಳಸುತ್ತಿದ್ದರು. ಕೋವಿಡ್ ಕಾಲದಲ್ಲಿ ಬಂದ ರ‍್ಯಾಪಿಡ್ ಕಿಟ್ಟಿನ ಕೆಂಪು ಗೆರೆ, ಗರ್ಭಧಾರಣೆ ನೋಡುವ ಪಟ್ಟಿಯ ಕೆಂಪು ಗೆರೆ, ಇವೂ ಬಹುಮಟ್ಟಿಗೆ ಚಿನ್ನದ ನ್ಯಾನೊ ಕಣಗಳೇ. ಅಲ್ಲಿ ಕಣಕ್ಕೆ ಬೇಕಾದ ಪ್ರತಿಕಾಯದ ಅಂಗಿಯನ್ನು ಮೊದಲೇ ತೊಡಿಸಿ ಕಳಿಸಿರುತ್ತಾರೆ, ಅಷ್ಟೇ.

ಹಾಗೆಂದು ನಾವು ತೊಡಿಸಿದ ಅಂಗಿಯೇ ಮೇಲೆ ಕಾಣುತ್ತದೆ ಎಂದು ನಂಬುವಂತಿಲ್ಲ. ಕ್ಯಾನ್ಸರ್ ಕೋಶವನ್ನು ಹುಡುಕಿಕೊಂಡು ಹೋಗಲಿ ಅಂತ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಕಣದ ಮೇಲೆ ಕಟ್ಟುವ ಉಪಾಯ ಇತ್ತು. 2013ರಲ್ಲಿ ಡಬ್ಲಿನ್ ತಂಡ ತೋರಿಸಿದ್ದು, ಸೀರಮ್ಮಿನಲ್ಲಿ ಇಟ್ಟ ಮೇಲೆ ಇತರ ಪ್ರೋಟೀನುಗಳು ಮೇಲೆ ಮುಚ್ಚಿಕೊಂಡು ಆ ಗುರಿ ಹುಡುಕುವ ಗುಣ ಮರೆಯಾಯಿತು ಎಂದು. ವಿಳಾಸ ಬರೆದ ಲಕೋಟೆಯ ಮೇಲೆ ಇನ್ನೊಂದು ಕಾಗದ ಅಂಟಿದ ಹಾಗೆ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಎಂಬ ಔಷಧವನ್ನು ಕೊಬ್ಬಿನ ನ್ಯಾನೊ ಕಣದಲ್ಲಿಟ್ಟು ರಕ್ತಕ್ಕೆ ಬಿಡುತ್ತಾರೆ. ರಕ್ತದಲ್ಲಿರುವ ಅಪೊಲೈಪೊಪ್ರೋಟೀನ್ ‘ಇ’ ತಾನಾಗಿಯೇ ಬಂದು ಅಂಟಿ, ಅದನ್ನು ನೆಟ್ಟಗೆ ಯಕೃತ್ತಿಗೆ ಕರೆದೊಯ್ಯುತ್ತದೆ. ಒಂದು ಕಡೆ ಅಂಗಿ ದಾರಿ ತಪ್ಪಿಸಿತು, ಇನ್ನೊಂದು ಕಡೆ ದಾರಿ ತೋರಿಸಿತು. ಎರಡರಲ್ಲೂ ತೀರ್ಮಾನ ಮಾಡಿದ್ದು ಅಂಗಿಯೇ.

ಬೆವರಿನ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈಗ ನನ್ನ ಹುಡುಗನ ಪ್ರಶ್ನೆಗೆ ಬರೋಣ. ಅವನ ಕಂಪನಿಯಲ್ಲಿ ದಿನಾ ‘ಪರ್ಸ್‌ಪಿರೇಶನ್ ಟೆಸ್ಟ್’ ಮಾಡುತ್ತಾರಂತೆ. ಹೊರದೇಶಕ್ಕೆ ಹೋಗುವ ಬಟ್ಟೆಗೆ ಅದು ಸಾಮಾನ್ಯ. ಐಎಸ್‌ಒ 105-ಇ04 ಎಂಬ ವಿಧಾನ. ಲೀಟರ್ ನೀರಿಗೆ 5 ಗ್ರಾಂ ಉಪ್ಪು, ಅರ್ಧ ಗ್ರಾಂ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಲವಣ, ಜತೆಗೆ ಫಾಸ್ಫೇಟ್ ಹಾಕಿ ಕೃತಕ ಬೆವರು ಮಾಡುತ್ತಾರೆ. ಒಂದು ಹುಳಿ, ಪಿಎಚ್ 5.5, ಇನ್ನೊಂದು ಕ್ಷಾರ, ಪಿಎಚ್ 8. ಬಟ್ಟೆಯನ್ನು ಅದರಲ್ಲಿ ನೆನೆಸಿ, ಬಣ್ಣ ಹಾಕದ ಬಟ್ಟೆಯ ಜತೆ ಒತ್ತಿಟ್ಟು 37 ಡಿಗ್ರಿಯಲ್ಲಿ 4 ಗಂಟೆ ಬಿಡುತ್ತಾರೆ. ಬಣ್ಣ ಎಷ್ಟು ಬಿಟ್ಟಿತು ಅಂತ ಬೂದು ಪಟ್ಟಿಗೆ ಹೋಲಿಸಿ ಅಂಕ ಕೊಡುತ್ತಾರೆ.

ನಮ್ಮ ಹತ್ತನೇ ತರಗತಿ ಹುಡುಗರು ಮಾಡುತ್ತಿರುವ ಈ ಕೆಲಸ ಅಪ್ಪಟ ದೇಹದ್ರವ ರಸಾಯನ ವಿಜ್ಞಾನ. ಅದನ್ನು ನಾವು ಗುರುತಿಸಿ ಹೇಳಿಲ್ಲ, ಅವರಿಗೂ ಗೊತ್ತಿಲ್ಲ. ಆದರೆ ಈ ಪರೀಕ್ಷೆ ಬಣ್ಣದ ಬಗ್ಗೆ ಹೇಳುತ್ತದೆ, ಬೆಳ್ಳಿಯ ಕಣದ ಬಗ್ಗೆ ಅಲ್ಲ. ನಿಜವಾದ ಬೆವರಿನಲ್ಲಿ ಉಪ್ಪಿನ ಜತೆ ಲ್ಯಾಕ್ಟೇಟ್, ಯೂರಿಯಾ, ಹಲವು ಅಮೈನೋ ಆಮ್ಲ, ಸ್ವಲ್ಪ ಪ್ರೋಟೀನು ಇರುತ್ತವೆ. ಬೆಳ್ಳಿಯ ಕಣದಿಂದ ಬೆಳ್ಳಿಯ ಅಯಾನು ಬಿಡುಗಡೆಯಾಗಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆದರೆ ಅದೇ ಅಯಾನು ಬೆವರಿನ ಕ್ಲೋರೈಡಿನ ಜತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ ಕೂರಬಹುದು, ಪ್ರೋಟೀನಿನ ಗಂಧಕ ಇರುವ ಜಾಗಕ್ಕೆ ಅಂಟಿಕೊಳ್ಳಬಹುದು. ಲ್ಯಾಬಿನ ಶುದ್ಧ ನೀರಿನಲ್ಲಿ ತೋರಿಸಿದ ಪರಿಣಾಮ ಬೆವರಿನಲ್ಲಿ ಅಷ್ಟೇ ಇರುತ್ತದೆ ಅನ್ನುವ ಹಾಗಿಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಬೆಳ್ಳಿ ಕ್ರೀಮನ್ನು ಒರೆಸಿ ಮತ್ತೆ ಮತ್ತೆ ಹಚ್ಚಲು ಹೇಳುವುದಕ್ಕೆ ಒಂದು ಕಾರಣ, ಗಾಯದ ದ್ರವದ ಕ್ಲೋರೈಡು ಮತ್ತು ಪ್ರೋಟೀನುಗಳು ಬೆಳ್ಳಿಯನ್ನು ಕಟ್ಟಿಹಾಕುವುದು.

ಹಾಗಾದರೆ ಒಳಗೆ ಹೋಗುತ್ತದೆಯೇ? ಗಾಯವಿಲ್ಲದ ಚರ್ಮ ಒಳ್ಳೆಯ ಗೋಡೆ, ಅದನ್ನು ದಾಟಿ ಹೋಗುವುದು ಬಹಳ ಕಡಿಮೆ. ಟೀ ಶರ್ಟು ಹಾಕಿಕೊಳ್ಳುವ ನಾನು ಹೆದರಬೇಕಾಗಿಲ್ಲ. ಬೆಳ್ಳಿಯ ಕಲಿಲವನ್ನು ಔಷಧ ಅಂತ ವರ್ಷಗಟ್ಟಲೆ ಕುಡಿದವರ ಕಥೆ ಬೇರೆ. ಅವರ ಚರ್ಮ ಬೂದುನೀಲಿಯಾಗಿ ಆರ್ಜಿರಿಯಾ ಆಗುತ್ತದೆ, ಆ ಬಣ್ಣ ಹೋಗುವುದಿಲ್ಲ. ಆದರೆ ಕೆಲಸ ಮಾಡುವ ಹುಡುಗನ ಸ್ಥಿತಿ ನನ್ನದಲ್ಲ. ಅವನ ಕೈಗೆ ಸೂಜಿ ಚುಚ್ಚಿದ, ರಾಸಾಯನಿಕ ತಾಗಿ ಬಿರಿದ ಗಾಯಗಳಿರುತ್ತವೆ. ಲೇಪದ ದ್ರಾವಣ ಪ್ಯಾಡಿಂಗ್ ಮ್ಯಾಂಗಲ್‌ನಲ್ಲಿ ಬಟ್ಟೆಗೆ ಹತ್ತಿ ಸ್ಟೆಂಟರ್‌ನಲ್ಲಿ ಒಣಗುತ್ತದೆ. ಎಲ್ಲಿ ಪುಡಿ ಹಾರುತ್ತದೋ, ಎಲ್ಲಿ ಸಿಂಪಡಿಸಿದ ಮಂಜು ಏಳುತ್ತದೋ ಅಲ್ಲಿ ದಾರಿ ಚರ್ಮ ಅಲ್ಲ, ಮೂಗು. ಶ್ವಾಸಕೋಶದ ಒಳಗೋಡೆಯ ಮೇಲೂ ತೆಳು ದ್ರವ ಇದೆ, ಅದರಲ್ಲಿ ಕೊಬ್ಬು, ಪ್ರೋಟೀನು ಇವೆ. ಕಣ ಅಲ್ಲಿಯೂ ಅಂಗಿ ತೊಡುತ್ತದೆ, ಆದರೆ ಬೇರೆ ಅಂಗಿ. 2012ರಲ್ಲಿ ಸಿಲಿಕಾ ಕಣಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಸೀರಮ್ ಇಲ್ಲದಾಗ ಜೀವಕೋಶಕ್ಕೆ ಹೆಚ್ಚು ಅಂಟಿ ಹೆಚ್ಚು ಹಾನಿ ಮಾಡಿದ ಕಣವೇ ಸೀರಮ್ ಇದ್ದಾಗ ಕಡಿಮೆ ಹಾನಿ ಮಾಡಿತು. ಕಣ ಅದೇ, ಜೀವಕೋಶ ಅದೇ. ಅದಕ್ಕೇ ‘ನ್ಯಾನೊ ಬೆಳ್ಳಿ ಸುರಕ್ಷಿತ’ ಎಂಬ ಮಾತೂ ಅರ್ಧ, ‘ನ್ಯಾನೊ ಬೆಳ್ಳಿ ವಿಷ’ ಎಂಬ ಮಾತೂ ಅರ್ಧ. ಯಾವ ದ್ರವದಲ್ಲಿ ಪರೀಕ್ಷೆ ಮಾಡಿದ್ದು ಅಂತ ಕೇಳದೆ ಎರಡನ್ನೂ ನಂಬಬಾರದು.

ಬಟ್ಟೆಯಿಂದ ಹೊರಗೆ ಹೋಗುವ ಲೆಕ್ಕವೂ ಇದೆ. 2008ರಲ್ಲಿ ಅರಿಜೋನಾದ ಬೆನ್ ಮತ್ತು ವೆಸ್ಟರ್‌ಹಾಫ್ ಅಂಗಡಿಯಿಂದ ಬೆಳ್ಳಿ ಸೇರಿಸಿದ ಕಾಲುಚೀಲ ತಂದು ನೀರಿನಲ್ಲಿ ತೊಳೆದು ನೋಡಿದರು. ಕೆಲವು ಕಾಲುಚೀಲ ನಾಲ್ಕೇ ತೊಳೆತದಲ್ಲಿ ಹೆಚ್ಚುಕಡಿಮೆ ಇದ್ದ ಬೆಳ್ಳಿಯನ್ನೆಲ್ಲ ಬಿಟ್ಟವು, ಕೆಲವು ಬಿಡಲೇ ಇಲ್ಲ. ಲೇಪ ಹೇಗೆ ಕೂರಿಸಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ನೊಯ್ಯಲ್ ನದಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ನೀರಿನ ಕಾರಣಕ್ಕೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಲು ಹೇಳಿತ್ತು. ಬಣ್ಣ ಕಣ್ಣಿಗೆ ಕಾಣುತ್ತದೆ, ರೈತರು ಕಂಡರು, ಕೋರ್ಟಿಗೆ ಹೋದರು. ನ್ಯಾನೊ ಕಣ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕೇಳಲು ವಿಜ್ಞಾನ ಗೊತ್ತಿರಬೇಕು.

ತರಗತಿಯಲ್ಲಿ ಮಾಡುವುದು ಏನು?

ನಮ್ಮಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲ, ನಿಜ. ಅಜ್ಜಿಯ ಕಾಡಿಗೆ ಇದೆಯಲ್ಲ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿದರೆ ಕೂರುವ ಮಸಿ, 10ರಿಂದ 50 ನ್ಯಾನೊಮೀಟರಿನ ಇಂಗಾಲದ ಕಣಗಳು ಒಂದಕ್ಕೊಂದು ಅಂಟಿದ ಗೊಂಚಲು. ಕಣ್ಣಿಗೆ ಕಾಡಿಗೆ ಹಚ್ಚಿದವರು ಕಣ್ಣೀರಿನ ಪ್ರೋಟೀನಿಗೂ ನ್ಯಾನೊ ಕಣಕ್ಕೂ ಯಾವತ್ತೋ ಭೇಟಿ ಮಾಡಿಸಿದ್ದಾರೆ.

ಎರಡು ಲೋಟ ಇಡಿ. ಒಂದರಲ್ಲಿ ಬರೀ ನೀರಿಗೆ ಮಸಿ ಹಾಕಿ ಕಲಕಿ. ಅದು ಮೇಲೆ ತೇಲುತ್ತದೆ, ಲೋಟದ ಅಂಚಿಗೆ ಹತ್ತುತ್ತದೆ, ನೀರಿನ ಜತೆ ಸೇರುವುದಿಲ್ಲ. ಇನ್ನೊಂದಕ್ಕೆ, ಜಾಲಿ ಮರದ ಗೋಂದು ಕರಗಿಸಿದ ನೀರಿನಲ್ಲಿ ಮಸಿಯನ್ನು ಚೆನ್ನಾಗಿ ಅರೆದು ಹಾಕಿ. ನೀರೆಲ್ಲ ಕಪ್ಪಾಗಿ ನಿಲ್ಲುತ್ತದೆ. ಇದೇ ಹಿಂದಿನವರ ಬರೆಯುವ ಮಸಿ. ಕಣ ಬದಲಾಗಲಿಲ್ಲ, ಅದಕ್ಕೆ ಗೋಂದಿನ ಅಂಗಿ ಬಂತು. ಗೋಂದಿನ ಬದಲು ಮೊಟ್ಟೆಯ ಬಿಳಿ ಲೋಳೆಯನ್ನು ನೀರಿಗೆ ಕದಡಿಯೂ ಮಾಡಿ ನೋಡಬಹುದು, ಅದು ಪ್ರೋಟೀನೇ. ಒಂದು ಎಚ್ಚರಿಕೆ: ಒಣ ಮಸಿಯನ್ನು ಕೆರೆದು ಗಾಳಿಗೆ ಹಾರಿಸಬೇಡಿ. ತಟ್ಟೆಯ ಮೇಲೇ ಎರಡು ಹನಿ ಗೋಂದು ನೀರು ಹಾಕಿ ಒದ್ದೆ ಮಾಡಿ ತೆಗೆಯಿರಿ. ಯಾಕೆ ಹಾಗೆ ಅಂತ ಮಕ್ಕಳನ್ನೇ ಕೇಳಿ. ಅವರು ಹೇಳುವ ಉತ್ತರವೇ ಫ್ಯಾಕ್ಟರಿಯ ಸುರಕ್ಷತೆಯ ಮೊದಲ ಪಾಠ.

9ನೇ ತರಗತಿಯ ಕಲಿಲ ಪಾಠದಲ್ಲಿ ಟಿಂಡಲ್ ಪರಿಣಾಮ ತೋರಿಸುವ ದಿನವೇ ಇದನ್ನೂ ಮಾಡಿದರೆ ಹೆಚ್ಚುವರಿ ಪೀರಿಯಡ್ ಬೇಡ. ಪಠ್ಯ ಮುಗಿಸುವ ಒತ್ತಡ ಇರುವವರಿಗೆ ಇಪ್ಪತ್ತು ನಿಮಿಷ ಸಾಕು. ಸಂಘಕ್ಕೆ ನನ್ನ ಕೋರಿಕೆ ಎರಡು. ಒಂದು, ಮುಂದಿನ ಕಾರ್ಯಾಗಾರದಲ್ಲಿ ಈ ಚಟುವಟಿಕೆ ಸೇರಿಸಿ. ಎರಡು, ಕೊಯಮತ್ತೂರಿನ ‘ಸಿಟ್ರಾ’ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ವೈದ್ಯಕೀಯ ಬಟ್ಟೆಗಳ ಮೇಲೆ ಕೆಲಸ ಮಾಡುವವರನ್ನು, ಬೆಂಗಳೂರಿನ ನ್ಯಾನೊ ಸಂಸ್ಥೆಗಳ ಕನ್ನಡ ಬಲ್ಲ ವಿಜ್ಞಾನಿಗಳನ್ನು ಒಮ್ಮೆ ಕರೆಸಿ. ಗಡಿ ಶಾಲೆಯ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವ ಒಂದು ದಿನ ಸಿಗಲಿ.

“ಕೆಲಸಕ್ಕೆ ಹೋಗುವ ಮಕ್ಕಳಿಗೆ ಇಲ್ಲದ ಭಯ ಹುಟ್ಟಿಸುತ್ತೀರಿ” ಎಂದು ನನ್ನ ಗೆಳೆಯರೊಬ್ಬರು ಆಕ್ಷೇಪಿಸಿದರು. ಆ ಮಾತಿಗೆ ತೂಕವಿದೆ. ಆ ಕಂಪನಿಗಳು ಎಷ್ಟೋ ಮನೆಗಳ ಒಲೆ ಉರಿಸುತ್ತಿವೆ. ಆದರೆ ಗೊತ್ತಿಲ್ಲದವನಿಗೆ ಎರಡೇ ದಾರಿ, ಒಂದೋ ಎಲ್ಲಕ್ಕೂ ಹೆದರುವುದು, ಇಲ್ಲವೇ ಯಾವುದಕ್ಕೂ ಹೆದರದೆ ಬರಿಗೈಯಲ್ಲಿ ಡ್ರಮ್ಮು ಕದಡುವುದು. ಗೊತ್ತಿದ್ದವನು ಮಾಸ್ಕ್ ಕೇಳುತ್ತಾನೆ, ಗ್ಲೌಸ್ ಕೇಳುತ್ತಾನೆ, ಡ್ರಮ್ಮಿನ ಜತೆ ಬಂದ ಸುರಕ್ಷತಾ ಹಾಳೆ ಎಲ್ಲಿ ಅಂತ ಕೇಳುತ್ತಾನೆ, ಕೆಲಸವನ್ನೂ ಮಾಡುತ್ತಾನೆ.

ಹುಡುಗ ರಜೆ ಮುಗಿಸಿ ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಓದಿದ್ದನ್ನು ಇಷ್ಟು ಹೇಳಿದೆ: “ಚರ್ಮ ಚೆನ್ನಾಗಿದ್ದರೆ ಬೆವರಿನಿಂದ ಒಳಗೆ ಹೋಗೋದು ತೀರಾ ಕಮ್ಮಿ ಕಣಪ್ಪ. ಕೈಗೆ ಗಾಯ ಆದಾಗ ಗ್ಲೌಸ್ ಇಲ್ಲದೆ ಮುಟ್ಟಬೇಡ. ಪುಡಿ, ಮಂಜು ಇರೋ ಕಡೆ ಮೂಗು ಮುಚ್ಚಿಕೋ. ಒಳಗೆ ಹೋದ ಕಣ ಹೋದ ಹಾಗೇ ಇರಲ್ಲ, ನಿನ್ನ ಮೈಯ ಪ್ರೋಟೀನೇ ಅದಕ್ಕೆ ಅಂಗಿ ತೊಡಿಸುತ್ತೆ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ಆ ಅಂಗಿ ನೋಡಿ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಆವಾಗಲೇ ಹೇಳಿದ್ರೆ ನೆನಪಿರ್ತಿತ್ತು ಸಾರ್, ಅಂಗಿ ಹೊಲಿಯೋ ಊರಿಗೇ ಹೋಗಿದ್ದಲ್ವಾ ನಾನು” ಅಂದ. ಅವನ ತಮ್ಮ ಈ ವರ್ಷ ನನ್ನ 9ನೇ ತರಗತಿಯಲ್ಲಿದ್ದಾನೆ. ದೀಪ, ತಟ್ಟೆ, ಗೋಂದು ಎತ್ತಿಟ್ಟಿದ್ದೇನೆ.